ಪಂಪಿನ ಕೆಳಗಿನ ತೂತು

ಮಂಗಳವಾರ ಮಧ್ಯಾಹ್ನ ಹುಮನಾಬಾದಿನಿಂದ ವಾಪಸಾಗುವಾಗ ಜೀಪಿನ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಕೆಂಪು ಪಟ್ಟಿಯ ಹತ್ತಿರ ಹೋಯಿತು. ಪಕ್ಕದ ಸೀಟಿನಲ್ಲಿ ಉಸ್ತಾದರು ಕಣ್ಣು ಮುಚ್ಚಿ ಕುಳಿತಿದ್ದರು. ಡಯಾಲಿಸಿಸ್ ಮುಗಿಸಿ ಬರುವ ದಿನ ಅವರಿಗೆ ಮಾತಾಡುವಷ್ಟು ತ್ರಾಣವೂ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ ಅವರ ಮಗಳು, ಮಡಿಲಲ್ಲಿ ಆಸ್ಪತ್ರೆಯ ಫೈಲು. ನಾನು ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಮುಳ್ಳಿನ ಮೇಲೆ ಇಟ್ಟು, ಅದು ಉಸ್ತಾದರಿಗೆ ಕಾಣದಿರಲಿ ಎಂದು ಮೈಲಾರ ಮಲ್ಲಣ್ಣನಿಗೆ ಹರಕೆ ಹೊತ್ತೆ. ಒಂದು ಕಾಯಿ ಒಡೆಯುತ್ತೇನೆ ಎಂದು ಶುರುವಾದದ್ದು ಘಾಟಬೋರಾಳ ದಾಟುವಷ್ಟರಲ್ಲಿ ಐದು ಕಾಯಿ ಆಗಿತ್ತು.

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹುಟ್ಟಿದವರು ನೀವು ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಅವಳ ಮಾತಿನಲ್ಲಿ ಸುಳ್ಳೇನೂ ಇಲ್ಲ.

ಘಾಟಬೋರಾಳದ ಆಚೆ, ಹೊಲಗಳ ನಡುವೆ ನಮ್ಮದೊಂದು ವಸ್ತಿ, ಹದಿನಾರು ಮನೆ. ವಸ್ತಿಗೂ ಡಾಂಬರು ರಸ್ತೆಗೂ ನಡುವೆ ಎರೆಮಣ್ಣಿನ ಹಾದಿ, ಮಧ್ಯದಲ್ಲೊಂದು ಹಳ್ಳ. ಮಳೆಗಾಲದಲ್ಲಿ ಬೈಕು, ಆಟೊ, ಆಂಬುಲೆನ್ಸು ಎಲ್ಲವೂ ಹಳ್ಳದ ಆಚೆ ದಂಡೆಯಲ್ಲೇ ನಿಲ್ಲುತ್ತವೆ. ದಾಟುವಂಥವು ಎರಡೇ: ಒಂದು ಟ್ರ್ಯಾಕ್ಟರ್, ಇನ್ನೊಂದು ನಾಲ್ಕೂ ಗಾಲಿ ಎಳೆಯುವ ನನ್ನ ಹಳೆಯ ಡೀಸೆಲ್ ಜೀಪು. ಅದರಲ್ಲಿ ನಾನು ದಿನಾ ಹೊಲಮನೆಗಳ ಹಾಲು ಸಾಗಿಸುತ್ತೇನೆ. ಮಂಗಳವಾರ ಮತ್ತು ಶುಕ್ರವಾರ ಹಾಲಿನ ಕ್ಯಾನುಗಳನ್ನು ಇಳಿಸಿದ ಮೇಲೆ ಉಸ್ತಾದರನ್ನು ಹುಮನಾಬಾದಿನ ಆಸ್ಪತ್ರೆಗೆ ಕರೆದೊಯ್ಯುತ್ತೇನೆ.

ಉಸ್ತಾದರು ಬಸವಕಲ್ಯಾಣದ ಹೈವೇ ಬದಿಯ ಲಾರಿ ಗ್ಯಾರೇಜುಗಳಲ್ಲಿ ಮೂವತ್ತು ವರ್ಷ ಎಂಜಿನ್ ಬಿಚ್ಚಿ ಕಟ್ಟಿದ ಮಿಸ್ತ್ರಿ. ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ನಮ್ಮ ವಸ್ತಿಯಲ್ಲಿರುವ ಮಗಳ ಮನೆಗೆ ಬಂದರು. ಅಳಿಯ ಲಾರಿ ಡ್ರೈವರ್, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಡಯಾಲಿಸಿಸ್‌ಗೆಂದು ಉಸ್ತಾದರ ಎಡಗೈಯಲ್ಲಿ ರಕ್ತನಾಳ ಕೂಡಿಸಿದ್ದಾರೆ. ಆ ಕೈಯಿಂದ ಒಂದು ಬಿಂದಿಗೆಯನ್ನೂ ಎತ್ತುವಂತಿಲ್ಲ. ದಿನಕ್ಕೆ ಇಷ್ಟೇ ನೀರು ಎಂದು ಲೆಕ್ಕ. ಮಗಳು ಪ್ರತಿ ಬೆಳಿಗ್ಗೆ ಅವರ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ನೋಡುತ್ತಾಳೆ. ಒತ್ತಿದ ಕುಳಿ ಬೇಗ ತುಂಬಿಕೊಂಡರೆ ಸರಿ. ತುಂಬದೆ ನಿಂತರೆ ಮೈಯಲ್ಲಿ ನೀರು ನಿಂತಿದೆ ಎಂದು ಅರ್ಥ. ಕಳೆದ ಮಳೆಗಾಲದಲ್ಲಿ ಒಂದು ಸರದಿ ತಪ್ಪಿದಾಗ ಆ ನೀರು ಎದೆಗೇರಿ ಎರಡು ದಿನ ಅವರಿಗೆ ಮಲಗಲು ಆಗಿರಲಿಲ್ಲ. ಇನ್ನೊಂದು ಸಲ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೋಗಿ ಬಂದಾಗ, ವಾಪಸಿನಲ್ಲಿ ಕುಲುಕಾಟಕ್ಕೆ ಸೂಜಿ ಚುಚ್ಚಿದ ಜಾಗದಿಂದ ರಕ್ತ ಹರಿದು ಮಗಳ ಓಢಣಿಯೆಲ್ಲ ತೊಯ್ದಿತ್ತು. ಅಂದಿನಿಂದ ಜೀಪೇ ಗತಿ. ಜೀಪೆಂದರೆ ನಾನು, ನನ್ನಂಥ ಪುಕ್ಕಲ.

ಬುಧವಾರ ಬೆಳಿಗ್ಗೆ, ಉಸ್ತಾದರ ಅಂಗಳದಲ್ಲೇ ನಿಂತಿದ್ದ ಜೀಪಿನ ಬಾನೆಟ್ ಎತ್ತಿದೆ. ರೇಡಿಯೇಟರಿನಲ್ಲಿ ನೀರು ತಳ ಕಂಡಿತ್ತು. ನೀರು ತುಂಬಿ ಎಂಜಿನ್ ಚಾಲೂ ಮಾಡಿದರೆ ಫ್ಯಾನಿನ ಹಿಂದೆ ಕರಕರ ಸದ್ದು, ವಾಟರ್ ಪಂಪಿನ ಕುತ್ತಿಗೆಯಿಂದ ತುಕ್ಕಿನ ಬಣ್ಣದ ನೀರು. ಸದ್ದು ಕೇಳಿ ಉಸ್ತಾದರು ಕೋಲೂರಿಕೊಂಡು ಬಂದರು. ಮಗಳು ಕುರ್ಚಿ ತಂದಿಟ್ಟಳು.

"ಬಂದ್ ಮಾಡು. ಫ್ಯಾನ್ ಹಿಡದ್ ಅಲುಗಾಡ್ಸಿ ನೋಡು," ಎಂದರು.

ಹಿಡಿದು ಅಲುಗಿಸಿದೆ. ಸಡಿಲಾದ ಹಲ್ಲು ಅಲುಗಿದಂತೆ ಆಚೀಚೆ ಆಡಿತು.

"ಬೇರಿಂಗ್ ಹೋಗ್ಯದ ಬೇಟಾ. ಸೀಲ್ ಸವದು ನೀರು ಬೇರಿಂಗಿಗೆ ಹೊಕ್ಕದ. ಆದ್ರ ಹಾಂಗ ಹೋಗಬಾರ್ದಿತ್ತು. ಪಂಪಿನ ಹೊಟ್ಟಿ ಕೆಳಗ ಒಂದು ತೂತು ಇರ್ತದ. ಸೀಲ್ ಸೋರಿದ್ರ ನೀರು ಆ ತೂತಿನಾಗಿಂದ ಹೊರಗ ಬೀಳ್ತದ. ಬೇರಿಂಗಿಗೆ ಹೋಗೂದ್ಕಿಂತ ಮೊದಲ ನಮಗ ಖಬರ್ ಕೊಡ್ತದ. ನಿಂಗೇನೂ ಕಾಣಲಿಲ್ಲೇನು?"

"ಇಲ್ರಿ ಉಸ್ತಾದ," ಎಂದೆ.

ಕಂಡಿತ್ತು. ಒಂದು ತಿಂಗಳ ಹಿಂದೆಯೇ ಕಂಡಿತ್ತು. ಹಾಲಿನ ಕ್ಯಾನು ಇಳಿಸುವಾಗ ಜೀಪಿನ ಮೂತಿಯ ಕೆಳಗೆ ಹನಿ ಬಿದ್ದದ್ದು ನೋಡಿ ಬಗ್ಗಿದ್ದೆ. ಪಂಪಿನ ಕೆಳಗೆ ಪೆನ್ಸಿಲ್ ತುದಿ ಹಿಡಿಯುವಷ್ಟು ತೂತು, ಅದರಿಂದ ಹನಿ. ಡೀಸೆಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪು ಮೆತ್ತಿ ಊರು ಮುಟ್ಟಬಹುದು ಎಂದು ಇದೇ ಉಸ್ತಾದರು ನನಗೆ ಹಿಂದೊಮ್ಮೆ ಹೇಳಿಕೊಟ್ಟಿದ್ದರು. ಸೋರುವ ತೂತು ಎಂದರೆ ಎಲ್ಲಾ ಒಂದೇ ಎಂದುಕೊಂಡೆ. ನೂಲಿನ ಉಂಡೆಗೆ ಸೋಪು ಹಚ್ಚಿ ಗಿಡಿದು ಮುಚ್ಚಿದೆ. ಹನಿ ನಿಂತಿತು. ನನ್ನ ಜಾಣತನಕ್ಕೆ ನಾನೇ ಬೀಗಿ, ಉಸ್ತಾದರಿಗೆ ತೋರಿಸಬೇಕೆಂದೂ ಅಂದುಕೊಂಡಿದ್ದೆ. ಪುಣ್ಯಕ್ಕೋ ಪಾಪಕ್ಕೋ ಮರೆತುಹೋಗಿತ್ತು. ಈಗ ಅವರ ಮಾತು ಕೇಳಿದ ಮೇಲೆ ತಿಳಿಯಿತು. ಹೊರಬರಲು ದಾರಿಯಿಲ್ಲದ ನೀರನ್ನು ನಾನೇ ಬೇರಿಂಗಿನೊಳಗೆ ಕಳಿಸಿದ್ದೆ. ಆ ಒಂದು ತಿಂಗಳಲ್ಲಿ ಇವರನ್ನು ಎಂಟು ಸಲ ಕೂರಿಸಿಕೊಂಡು ಹಳ್ಳ ದಾಟಿದ್ದೆ.

ರೇಡಿಯೇಟರಿನ ನೀರು ಬಸಿದು, ಮೇಲಿನ ಕೆಳಗಿನ ಹೋಸ್ ಪೈಪು ಕಳಚಿ, ಬೆಲ್ಟು ಸಡಿಲಿಸಿ, ಫ್ಯಾನು ಬಿಚ್ಚಿ, ಕೊನೆಗೆ ಪಂಪಿನ ಬೋಲ್ಟುಗಳಿಗೆ ಕೈ ಹಾಕಿದೆ. ಒಂದು ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಜೋರು ಮಾಡಿದರೆ ತುಂಡಾಗಿ ಎಂಜಿನಿನೊಳಗೇ ಉಳಿಯುತ್ತದೆ ಎಂಬ ಹೆದರಿಕೆಗೆ ಸ್ಪ್ಯಾನರ್ ಕೆಳಗಿಟ್ಟೆ. ಉಸ್ತಾದರು ಬೋಲ್ಟಿಗೆ ಡೀಸೆಲ್ ಬಿಡಿಸಿ, ಅರ್ಧ ತಾಸು ಕಾಯಲು ಹೇಳಿದರು. ಆಮೇಲೆ ಮೊದಲು ಬಿಗಿಯುವ ದಿಕ್ಕಿಗೆ ಒಂದು ಕೂದಲಿನಷ್ಟು, ನಂತರ ಬಿಚ್ಚುವ ದಿಕ್ಕಿಗೆ ತಿರುವಿಸಿದರು. ಕಿರ್ ಎಂದು ಬಂತು. ಪಂಪು ನನ್ನ ಅಂಗೈಗೆ ಬಿತ್ತು.

ಉಸ್ತಾದರು ಅದನ್ನು ಬಲಗೈಯಲ್ಲಿ ಹಿಡಿದು, ತೂತಿಗೆ ಒಂದು ತಂತಿ ತೂರಿಸಿದರು. ಬಿಳಿ ಲೋಳೆ, ಅದರೊಂದಿಗೆ ನೂಲಿನ ಎಳೆ ಹೊರಬಂತು. ಮೂಗಿನ ಹತ್ತಿರ ಹಿಡಿದರು.

"ಸೋಪು. ಯಾರು ಮೆತ್ಯಾರಿದು?"

"ಹಿಂದಿನ ಮಾಲಕ ಇರ್ಬೇಕ್ರಿ," ಎಂದೆ.

ಜೀಪು ಕೊಂಡು ಆರು ವರ್ಷವಾಗಿತ್ತು. ಆರು ವರ್ಷದ ಹಿಂದಿನ ಸೋಪಿಗೆ ಇನ್ನೂ ವಾಸನೆ ಇರುತ್ತದೆಯೇ ಎಂದು ಉಸ್ತಾದರು ಕೇಳಲಿಲ್ಲ. ತಂತಿಯನ್ನು ಚಿಂದಿಗೆ ಒರೆಸಿ, "ಬಸವಕಲ್ಯಾಣಕ್ಕ ಹೋಗು, ಬಸ್ ತಪ್ಪಿಸ್ಕೋಬ್ಯಾಡ," ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರಾಗುತ್ತಿದ್ದೆ.

ಪಂಪನ್ನು ಚೀಲಕ್ಕೆ ಹಾಕಿಕೊಂಡು, ಪ್ಯಾಂಟು ಮಡಚಿ ಹಳ್ಳ ದಾಟಿ, ಬಸ್ಸು ಬದಲಿಸಿ ಬಸವಕಲ್ಯಾಣ ಮುಟ್ಟಿದೆ. ಬಿಡಿಭಾಗದ ಅಂಗಡಿಯವನು ಪಂಪು ತಿರುಗಿಸಿ ನೋಡಿದ.

"ಈ ಗಾಡಿಗಿ ಪೂರಾ ಪಂಪು ಈಗ ಇಲ್ರಿ. ಸೋಲಾಪುರದಿಂದ ತರಿಸ್ಬೇಕು. ಶನಿವಾರ ಬರ್ತದ."

ಶನಿವಾರ ಎಂದರೆ ಶುಕ್ರವಾರದ ಮಾರನೆಯ ದಿನ. ಅವನಿಗೆ ಅದು ಬರೀ ಒಂದು ದಿನ. ನನಗೆ ಆ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಡಬೇಕೆನಿಸಿತು.

"ಸೀಲ್ ಕಿಟ್ ಅದ, ಬೇರಿಂಗ್ ಅದ. ಆದ್ರ ಕೂಡ್ಸಾವ್ರು ಯಾರು? ಸೀಲಿನ ಕೆಲಸ ನಾಜೂಕ ಇರ್ತದ," ಎಂದ.

"ನಾನೇ ಕೂಡಸ್ತೀನ್ರಿ," ಎಂದೆ. ಆ ದನಿ ನನ್ನದು ಎಂದು ನನಗೇ ನಂಬಿಕೆ ಬರಲಿಲ್ಲ. ಅವನೂ ನಂಬಿದಂತೆ ಕಾಣಲಿಲ್ಲ. ಉಸ್ತಾದರ ಹೆಸರು ಹೇಳಿದ ಮೇಲೆ ಪಕ್ಕದ ಗ್ಯಾರೇಜಿನಿಂದ ಒಂದು ಪುಲ್ಲರ್ ಕೊಡಿಸಿದ. ಬಿಗಿಯಾಗಿ ಕೂತ ಚಕ್ರವನ್ನು ಎಳೆದು ತೆಗೆಯುವ ಮೂರು ಕಾಲಿನ ಸಾಧನ ಅದು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಗುರುವಾರ ಬೆಳಿಗ್ಗೆ ಹಾಲಿನ ಕ್ಯಾನುಗಳನ್ನು ಟ್ರ್ಯಾಕ್ಟರಿಗೆ ಏರಿಸಿ ಕಳಿಸಿ, ಉಸ್ತಾದರ ಅಂಗಳದಲ್ಲಿ ಗೋಣಿಚೀಲ ಹಾಸಿ ಕೂತೆ. ಮಳೆ ಬಿಟ್ಟು ಬಿಟ್ಟು ಹನಿಯುತ್ತಿತ್ತು. ಉಸ್ತಾದರು ಛಪ್ಪರದ ಕೆಳಗೆ ಮಂಚದ ಮೇಲೆ ಎರಡು ದಿಂಬು ಇಟ್ಟು ಒರಗಿದ್ದರು. ಕಾಲಿಗೆ ಉಣ್ಣೆಯ ಮೋಜಾ ಹಾಕಿದ್ದರು. ಮಳೆಯ ತಂಪಿಗೆ ಇರಬೇಕೆಂದುಕೊಂಡೆ.

ಪುಲ್ಲರ್ ಹಚ್ಚಿ, ಫ್ಯಾನು ಕೂರುವ ಮುಂದಿನ ಹಬ್ಬು ತೆಗೆದೆ, ಹಿಂದಿನ ಇಂಪೆಲ್ಲರ್ ತೆಗೆದೆ. ನೀರನ್ನು ದೂಡುವ ರೆಕ್ಕೆಚಕ್ರಕ್ಕೆ ಇಂಪೆಲ್ಲರ್ ಎನ್ನುತ್ತಾರೆ. ಹಳೆಯ ಬೇರಿಂಗು ಹೊರಬಂದಾಗ ಅದರೊಳಗಿಂದ ಗ್ರೀಸಿನ ಬದಲು ಕೆಂಪು ಕೆಸರು ಸುರಿಯಿತು. ಅದನ್ನು ಉಸ್ತಾದರಿಗೆ ಕಾಣದಂತೆ ಚಿಂದಿಯಲ್ಲಿ ಸುತ್ತಿ ಬದಿಗಿಟ್ಟೆ. ಅವರ ಮಗಳು ಒಲೆಯ ಮೇಲೆ ಬೋಗುಣಿಯಲ್ಲಿ ನೀರು ಕುದಿಸಿದಳು. ಪಂಪಿನ ಬರಿ ಮೈಯನ್ನು ಅದರಲ್ಲಿ ಹದಿನೈದು ನಿಮಿಷ ಇಟ್ಟರೆ ಕಬ್ಬಿಣ ತುಸು ಹಿಗ್ಗುತ್ತದೆ. ಆಗ ಹೊಸ ಬೇರಿಂಗು ತೊಂದರೆ ಕೊಡದೆ ಒಳಹೋಗುತ್ತದೆ.

"ನೆಟ್ಟಗ ಹಿಡಿ. ಸೊಟ್ಟ ಹೋತಂದ್ರ ಹೊಡೀಬ್ಯಾಡ, ಹೊರಗ ತಗಿ," ಎಂದರು ಉಸ್ತಾದರು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅವರು ಉಸಿರು ತೆಗೆದುಕೊಳ್ಳುತ್ತಿದ್ದುದನ್ನು ಕೇಳಿದೆ. ಕೇಳಿಯೂ ಗಮನಿಸಲಿಲ್ಲ. ನನ್ನ ಗಮನವೆಲ್ಲ ಸುತ್ತಿಗೆಯ ಮೇಲಿತ್ತು.

ಸೀಲು ಎಂದರೆ ಎರಡು ಬಿಲ್ಲೆಗಳ ಸಂಸಾರ. ಒಂದು ಕರಿಯ ಕಾರ್ಬನ್ ಬಿಲ್ಲೆ, ಹಿಂದೆ ಸ್ಪ್ರಿಂಗ್ ಇರುವಂಥದು. ಅದು ಪಂಪಿನ ಮೈಯಲ್ಲಿ ಕೂರುತ್ತದೆ. ಇನ್ನೊಂದು ಬಿಳಿಯ ಪಿಂಗಾಣಿ ಬಿಲ್ಲೆ, ರಬ್ಬರಿನ ಬಟ್ಟಲಲ್ಲಿ ಇಂಪೆಲ್ಲರಿಗೆ ಕೂರುತ್ತದೆ. ಒಂದು ನಿಲ್ಲುತ್ತದೆ, ಒಂದು ತಿರುಗುತ್ತದೆ. ಎರಡರ ಮುಖವೂ ಕನ್ನಡಿಯಷ್ಟು ನುಣುಪು. ಮುಖಕ್ಕೆ ಮುಖ ಅಂಟಿಕೊಂಡಿರುವುದರಿಂದಲೇ ನೀರು ದಾಟುವುದಿಲ್ಲ.

"ಕೇಳು. ರಬ್ಬರಿಗಿ ಸೋಪಿನ ನೀರು ಹಚ್ಚಿ ಕೂಡ್ಸು, ಜಾರಿ ಹೋಗ್ತದ. ಎಣ್ಣಿ ಬ್ಯಾಡ, ಗ್ರೀಸ್ ಬ್ಯಾಡ. ಮುಖಕ್ಕಂತೂ ಏನೂ ಬ್ಯಾಡ. ಬಟ್ಟು ಸುದ್ದಾ ಮುಟ್ಟಿಸ್ಬ್ಯಾಡ."

ಸೋಪು ಎಂಬ ಮಾತಿಗೆ ನಾನು ತಲೆ ತಗ್ಗಿಸಿದೆ.

ಕಾರ್ಬನ್ ಬಿಲ್ಲೆ ಕೂತಿತು, ಪಿಂಗಾಣಿಯೂ ಕೂತಿತು. ಇನ್ನು ಇಂಪೆಲ್ಲರ್ ಹೊಡೆದು ಕೂರಿಸಿದರೆ ಎರಡೂ ಮುಖ ಸೇರುತ್ತವೆ. ಅಷ್ಟರಲ್ಲಿ ಉಸ್ತಾದರು ನಮಾಜಿಗೆಂದು ಒಳಗೆ ಹೋದರು. ನಾನೊಬ್ಬನೇ ಉಳಿದೆ. ಹೆದರಿಕೆ ಆಗ ಬಂದು ಮೈಮೇಲೆ ಕೂತಿತು. ಇದು ಸೋರಿದರೆ? ನಾಳೆ ಹಳ್ಳದ ನಡುವೆ ಎಂಜಿನ್ ಕುದಿದು ನಿಂತರೆ? ಈ ಮನುಷ್ಯ ನನ್ನ ಸೋಪಿನಿಂದ ಸತ್ತರೆ? ಜೀಪಿನ ಡಬ್ಬಿಯಲ್ಲಿ ಮೈಲಾರ ಜಾತ್ರೆಯಿಂದ ತಂದ ಭಂಡಾರದ, ಎಂದರೆ ದೇವರ ಅರಿಸಿನ ಪುಡಿಯ, ಪೊಟ್ಟಣ ಸದಾ ಇರುತ್ತದೆ. ನಮ್ಮಲ್ಲಿ ಹೊಸ ನೇಗಿಲಾಗಲಿ, ಹೊಸ ಮೋಟರಾಗಲಿ, ಭಂಡಾರ ಹಚ್ಚದೆ ಚಾಲೂ ಮಾಡುವ ಪದ್ಧತಿಯಿಲ್ಲ. ಹಣೆಗಿಷ್ಟು ಹಚ್ಚಿಕೊಂಡೆ. ಕಣ್ಣು ಮುಚ್ಚಿ, ಮಲ್ಲಣ್ಣನ ಜಯಕಾರ ಏಳುಕೋಟಿಯನ್ನು ಮನಸ್ಸಿನಲ್ಲೇ ಕೂಗಿ, ಒಂದು ಚಿಟಿಕೆ ಪಂಪಿನ ಮೇಲೆ ತೂರಿದೆ. ಉಸ್ತಾದರು ಬರುವ ಮೊದಲೇ ಇಂಪೆಲ್ಲರ್ ಇಟ್ಟು, ಮರದ ತುಂಡಿನ ಮೇಲಿಂದ ಹೊಡೆದು ಕೂರಿಸಿದೆ. ಅವರು ಬಂದು ಇಂಪೆಲ್ಲರಿಗೂ ಪಂಪಿನ ಮೈಗೂ ನಡುವಿನ ಸಂದು ನೋಡಿದರು. ಎರಡು ಪೋಸ್ಟ್ ಕಾರ್ಡು ಕೂಡಿಸಿದಷ್ಟು ಸಂದು ಇರಬೇಕೆಂಬುದು ಅವರ ಅಳತೆ. ಅಷ್ಟಿತ್ತು.

ಸಂಜೆಯ ಬೆಳಕಿರುವಾಗಲೇ ಪಂಪನ್ನು ಎಂಜಿನಿಗೆ ಕಟ್ಟಿ, ಬೆಲ್ಟಿನ ಬಿಗಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ನೀರು ತುಂಬಿ ಐದು ನಿಮಿಷ ಚಾಲೂ ಇಟ್ಟೆ. ತೂತು ಒಣಗಿತ್ತು. ಮನೆಗೆ ಹೋಗಿ ಹೊಟ್ಟೆ ತುಂಬಾ ಉಂಡೆ.

ಶುಕ್ರವಾರ ಏಳೂವರೆಗೆ ಬಂದು ಎಂಜಿನ್ ಚಾಲೂ ಮಾಡಿದೆ. ಹತ್ತೂವರೆಗೆ ಆಸ್ಪತ್ರೆಯಲ್ಲಿರಬೇಕು. ಎಂಜಿನ್ ಕಾವೇರುವವರೆಗೆ ಬಿಟ್ಟು, ಕೆಳಗೆ ಮಲಗಿ ನೋಡಿದೆ. ತೂತಿನಿಂದ ನೀರು ಬರುತ್ತಿತ್ತು. ಹನಿಯಾಗಿದ್ದರೆ ಏನೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇದು ದಾರ ಕಟ್ಟಿ ಬರುತ್ತಿತ್ತು.

ಎಷ್ಟು ಹೊತ್ತು ಹಾಗೆ ಮಲಗಿದ್ದೆನೋ ಗೊತ್ತಿಲ್ಲ. ಬೆನ್ನಿನ ಕೆಳಗೆ ಕೆಸರು ತಣ್ಣಗೆ ಹತ್ತುತ್ತಿತ್ತು. ಬಾವಿಕಟ್ಟೆಯ ಮೇಲೆ ಬಟ್ಟೆ ಸೋಪಿನ ಬಿಲ್ಲೆ ಇತ್ತು. ಎದ್ದು ಹೋಗಿ ಅದನ್ನು ಕೈಗೆ ತೆಗೆದುಕೊಂಡೆ. ನೂಲು ಸುತ್ತಿ ಗಿಡಿದರೆ ಎರಡು ನಿಮಿಷದ ಕೆಲಸ. ಹೊಸ ಬೇರಿಂಗು, ಒಂದು ದಿನಕ್ಕೆ ಏನಾಗುತ್ತದೆ? ಹುಮನಾಬಾದ್ ಮುಟ್ಟಬಹುದು. ಮುಟ್ಟದಿದ್ದರೆ? ಹಳ್ಳದಲ್ಲಿ ಮೊಣಕಾಲು ಮಟ್ಟ ನೀರು, ಅದರ ನಡುವೆ ಎಂಜಿನ್ ನಿಂತರೆ, ಆ ಮುದುಕರನ್ನು ಯಾರು ಹೊತ್ತು ದಾಟಿಸುವುದು? ಮುಟ್ಟಿದರೂ ವಾಪಸು ಬರುವುದು ಹೇಗೆ? ಬಿಚ್ಚಿದರೆ ಸರದಿ ತಪ್ಪುತ್ತದೆ, ಮೆತ್ತಿದರೆ ಏನಾಗುತ್ತದೋ ಗೊತ್ತಿಲ್ಲ. ಹೆದರಿಕೆ ಎರಡೂ ಕಡೆಯಿಂದ ಎಳೆಯುತ್ತಿತ್ತು. ನನ್ನ ಕೈಯಲ್ಲಿ ಸೋಪು ಕರಗುತ್ತಿತ್ತು.

ಉಸ್ತಾದರ ಮಗಳು ಫೈಲು, ಬುತ್ತಿ, ಚಾದರ ಇರುವ ಚೀಲ ಹಿಡಿದು ಹೊರಬಂದಳು.

"ಹೊರಡೋಣೇನಣ್ಣಾ?"

"ಇಲ್ಲವ್ವ. ಪಂಪು ಸೋರಾಕತ್ತದ. ಮತ್ತ ಬಿಚ್ಚಬೇಕು," ಎಂದೆ. ಒಮ್ಮೆ ಬಾಯಿ ತೆರೆದ ಮೇಲೆ ಉಳಿದದ್ದೂ ಬಂತು. "ಮೊದಲಿನ ಸೋಪು ನಾನೇ ಮೆತ್ತಿದ್ದು. ಹಿಂದಿನ ಮಾಲಕ ಅಲ್ಲ. ನಾನೇ. ಇವತ್ತೂ ಮೆತ್ತಬೇಕಂತ ಕೈಯಾಗ ಹಿಡದೀನಿ ನೋಡು."

ಅವಳು ಸೋಪನ್ನೂ ನನ್ನನ್ನೂ ನೋಡಿದಳು. ಅವಳ ಮುಖ ಬಿಳಿಚಿತು. ಏನೋ ಹೇಳಲು ಹೋಗಿ ಬಾಗಿಲ ಕಡೆ ತಿರುಗಿದಳು.

ಬಾಗಿಲಲ್ಲಿ ಉಸ್ತಾದರು ನಿಂತಿದ್ದರು. "ಸೋಪಿನ ಕಥಿ ನಂಗ ಬುಧವಾರನ ಗೊತ್ತಾಗ್ಯದ," ಎಂದರು. ಚೌಕಟ್ಟು ಹಿಡಿದು ಉಸಿರು ತಿರುಗಿಸಿಕೊಂಡರು. "ನೀ ಹೇಳೂದು ಒಂದು ಬಾಕಿ ಇತ್ತು. ಬಿಚ್ಚು."

ಮಗಳು ಆಸ್ಪತ್ರೆಗೆ ಫೋನು ಮಾಡಿದಳು. ಮಧ್ಯಾಹ್ನ ಒಂದಕ್ಕೆ ಮೊದಲು ಬಂದರೆ ಎರಡನೆಯ ತಂಡದಲ್ಲಿ ಒಂದು ಯಂತ್ರ ಖಾಲಿ ಇದೆ ಎಂದರು. ಟ್ರ್ಯಾಕ್ಟರ್ ಹಾಲಿಗೆ ಹೋಗಿತ್ತು, ಹನ್ನೊಂದೂವರೆಗೆ ವಾಪಸು ಬರುವುದು. "ಅಷ್ಟ್ರಾಗ ಆಗ್ಲಿಲ್ಲಂದ್ರ ಅದ್ರಾಗ ಒಯ್ಯತೀನಿ," ಎಂದಳು. ರಕ್ತ ಹರಿದ ಆ ದಿನವನ್ನು ನಾವು ಮೂವರೂ ನೆನಪಿಸಿಕೊಂಡೆವು. ನಾನು ಸ್ಪ್ಯಾನರ್ ಎತ್ತಿಕೊಂಡೆ.

ನಿನ್ನೆ ದಿನವಿಡೀ ಹಿಡಿದ ಕೆಲಸಕ್ಕೆ ಈಗ ಮೂರೂವರೆ ತಾಸು. ಕಾದ ಎಂಜಿನ್ನು ಕೈ ಸುಟ್ಟಿತು. ಎಡ ಮುಂಗೈಯ ಕಲೆ ಇನ್ನೂ ಇದೆ. ಪಂಪು ಹೊರಬರುವಾಗ ಅದಕ್ಕೂ ಎಂಜಿನಿಗೂ ನಡುವಿನ ಕಾಗದದ ಪ್ಯಾಕಿಂಗು ಹರಿದು ಎರಡು ಭಾಗವಾಯಿತು. ಕಿಟ್‌ನಲ್ಲಿ ಇದ್ದದ್ದು ಅದೊಂದೇ. ನಾನು ಎರಡೂ ತುಂಡು ಎತ್ತಿ ಉಸ್ತಾದರಿಗೆ ತೋರಿಸಿದೆ. ಉಸ್ತಾದರು ಮಗಳ ಚೀಲದತ್ತ ಕೈ ಮಾಡಿದರು. "ಫೈಲಿನ ರಟ್ಟು ತಗಿ." ರಟ್ಟನ್ನು ಪಂಪಿನ ಬಾಯಿಯ ಮೇಲಿಟ್ಟು ಅಂಚಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅಂಚೂ ಬೋಲ್ಟಿನ ತೂತೂ ಅಚ್ಚಾಗಿ ಮೂಡುತ್ತವೆ. ಅವಳು ಕತ್ತರಿ ತಂದು ಬ್ಲೌಸಿನ ಬಟ್ಟೆ ಕತ್ತರಿಸುವಷ್ಟೇ ಚೆನ್ನಾಗಿ ಕತ್ತರಿಸಿದಳು.

ಇಂಪೆಲ್ಲರ್ ಎಳೆದು ತೆಗೆದೆ. ಉಸ್ತಾದರು ಪಿಂಗಾಣಿ ಬಿಲ್ಲೆಯನ್ನು ಬೆಳಕಿಗೆ ತಿರುಗಿಸಿದರು. ಬಿಳಿಯ ಮುಖದ ಮೇಲೆ ಹಳದಿ ಬಣ್ಣದ ಉಂಗುರ ಎಳೆದಂತಿತ್ತು. ಉಂಗುರದಲ್ಲಿ ಒಂದೆರಡು ಕಾಳು ಕಚ್ಚಿಕೊಂಡಿದ್ದವು.

"ಇದೇನು ಹಳದಿ?"

ನಾನು ನನ್ನ ಹಣೆ ಮುಟ್ಟಿಕೊಂಡೆ. ನಿನ್ನೆ ಹಚ್ಚಿಕೊಂಡದ್ದು ಇವತ್ತಿಗೂ ಕಿವಿಯ ಹತ್ತಿರ ಉಳಿದಿತ್ತು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ. "ಭಂಡಾರರಿ," ಎಂದೆ. "ಅಂಜಿಕಿ ಬಂದಿತ್ರಿ ಉಸ್ತಾದ."

ಅವರು ಬೈಯುತ್ತಾರೆಂದು ಕಾದೆ. ಅವರು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲಲು ಹೊತ್ತಾಯಿತು. "ನಾನೂ ಹೊಸ ಎಂಜಿನ್ ಕಟ್ಟಿದ್ರ ಬಿಸ್ಮಿಲ್ಲಾ ಅಂತೀನಿ ಬೇಟಾ. ಆದ್ರ ಬಾಯಿಲೆ ಅಂತೀನಿ. ನಿಮ್ಮ ಮಲ್ಲಣ್ಣಗ ಬಾನೆಟ್ ಮ್ಯಾಲ ಜಾಗಾ ಕೊಡು. ಸೀಲಿನೊಳಗ ಅಂವಗೂ ಉಸಿರು ಕಟ್ಟತದ."

ಆಮೇಲೆ ತಮ್ಮ ಜೇಬಿನಿಂದ ಸೂಜಿ ಚುಚ್ಚುವ ಮೊದಲು ಕೈ ಒರೆಸುವ ಸ್ಪಿರಿಟ್ ಹತ್ತಿಯ ಪುಟ್ಟ ಪಾಕೀಟು ತೆಗೆದರು. ಹರಿದು, ಹತ್ತಿಯಿಂದ ಪಿಂಗಾಣಿಯ ಮುಖವನ್ನು ಒರೆಸಿದರು. ಎರಡನೆಯದರಿಂದ ಕಾರ್ಬನ್ ಮುಖವನ್ನು. ಬೆಳಕಿಗೆ ಓರೆಯಾಗಿ ಹಿಡಿದು ಗೀರು ಬಿದ್ದಿದೆಯೇ ಎಂದು ನೋಡಿದರು. ಗೀರು ಬಿದ್ದಿದ್ದರೆ ಬೇರೆ ಸೀಲು ಇರಲಿಲ್ಲ.

"ಬಿದ್ದಿಲ್ಲ. ಹೊಡಿ," ಎಂದರು.

ಹೊಡೆದೆ. ಈ ಸಲ ಕಣ್ಣು ತೆರೆದುಕೊಂಡಿದ್ದೆ. ಬೋಲ್ಟುಗಳನ್ನು ಒಂದರ ಎದುರಿಗೆ ಇನ್ನೊಂದರಂತೆ ಬಿಗಿದೆ. ಫ್ಯಾನು, ಬೆಲ್ಟು, ಹೋಸು, ನೀರು. ಎಂಜಿನ್ ಪೂರ್ತಿ ಕಾವೇರುವವರೆಗೆ ಕಾಲು ತಾಸು ಓಡಿಸಿ ಕೆಳಗೆ ಮಲಗಿದೆ. ತೂತು ಒಣಗಿತ್ತು. ಬೆರಳು ಇಟ್ಟು ನೋಡಿದೆ, ಬೆರಳೂ ಒಣಗಿತ್ತು. ಮೇಲೆದ್ದಾಗ ಹನ್ನೊಂದೂ ಮುಕ್ಕಾಲು. ಟ್ರ್ಯಾಕ್ಟರ್ ಬಂದು ಹಳ್ಳದ ಈಚೆ ನಿಂತಿತ್ತು.

ಹಳ್ಳ ದಾಟುವಾಗ ಹೆದರಿಕೆಗೆ ಮೊದಲ ಗೇರು ಬದಲಿಸಲೇ ಇಲ್ಲ. ನೀರು ಬಾಗಿಲ ತಳಕ್ಕೆ ಬಂತು. ಮುಳ್ಳು ಅರ್ಧಕ್ಕಿಂತ ಕೆಳಗೇ ಇತ್ತು. ಡಾಂಬರು ರಸ್ತೆ ಸಿಕ್ಕ ಮೇಲೂ ನಾನು ಮುಳ್ಳನ್ನೇ ನೋಡುತ್ತಿದ್ದೆ. ಉಸ್ತಾದರತ್ತ ಒಮ್ಮೆಯೂ ತಿರುಗಲಿಲ್ಲ. ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆ ಮುಟ್ಟಿದೆವು. ಸಿಸ್ಟರ್ ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಒಂದು ಸಲ ನೋಡಿ, ಇಳಿಸಿ, ಮತ್ತೆ ನಿಲ್ಲಿಸಿದರು. ಮೋಜಾ ತೆಗೆಸಿ ಕಾಲಿಗೆ ಹೆಬ್ಬೆರಳು ಒತ್ತಿದರು. ಕುಳಿ ಬಿತ್ತು. ಅವರು ಫೈಲಿನಲ್ಲಿ ಬರೆದು ಮುಗಿಸಿದರೂ ಕುಳಿ ಹಾಗೇ ಇತ್ತು.

"ಅಜ್ಜಾ, ಭಾಳ ನೀರು ನಿಂತದಲ್ರಿ. ದಮ್ಮು ಯಾವಾಗಿಂದ ಹತ್ತಾಕತ್ತದ?"

"ಬುಧವಾರ ರಾತ್ರಿಯಿಂದ್ರಿ," ಎಂದರು ಉಸ್ತಾದರು. ಆಮೇಲೆ ಗಾಲಿ ಕುರ್ಚಿ ಬಂತು, ಮೂಗಿಗೆ ಆಮ್ಲಜನಕದ ಕೊಳವೆ ಬಂತು. ಅವರನ್ನು ಒಳಗೆ ದೂಡಿಕೊಂಡು ಹೋದರು. ಸಿಸ್ಟರ್ ಹೋಗುತ್ತಾ ಫೈಲು ತಿರುಗಿಸಿ, "ಇದರ ರಟ್ಟು ಎಲ್ಲಿ?" ಎಂದು ಕೇಳಿದರು.

ನಾನು ಮಗಳತ್ತ ತಿರುಗಿದೆ. ಅವಳು ಗೋಡೆಗೆ ಒರಗಿ ನಿಂತಿದ್ದಳು.

"ಎರಡು ರಾತ್ರಿ ಕೂತ ಕಳದ್ರು ಅಣ್ಣಾ. ಯಾರಿಗೂ ಹೇಳಬಾರ್ದಂತ ನಂಗ ಕಸಮ್ ಹಾಕ್ಸಿದ್ರು. ಅಂವಗ ಹೇಳಿದ್ರ ಅಂವನ ಕೈ ನಡಗತದ, ಸೀಲು ಸೊಟ್ಟ ಕೂಡತದ ಅಂದ್ರು. ಮೋಜಾ ಅವ್ರೇ ಕೇಳಿ ಹಾಕ್ಕೊಂಡ್ರು."

ನನಗೆ ಗೊತ್ತಿದ್ದಿದ್ದರೆ ಬೆಳಿಗ್ಗೆ ಸೋಪು ಮೆತ್ತಿ ಹೊರಟೇಬಿಡುತ್ತಿದ್ದೆ. ಅದರಲ್ಲಿ ನನಗೆ ಸಂಶಯವಿಲ್ಲ. ಹಳ್ಳದ ನಡುವೆ ನಾವು ಏನಾಗುತ್ತಿದ್ದೆವು ಎಂಬುದು ಮಾತ್ರ ಗೊತ್ತಿಲ್ಲ. ಹೊರಗೆ ಬಂದು ಜೀಪಿನ ಪಕ್ಕ ಕೂತೆ. ಮೂರು ದಿನ ಹಿಡಿದಿಟ್ಟಿದ್ದ ನಡುಕವೆಲ್ಲ ಆಗ ಬಂತು. ಹಲ್ಲು ಕಟಕಟ ಎನ್ನುತ್ತಿತ್ತು. ಬಿಸಿಲಿತ್ತು, ಜನ ನೋಡುತ್ತಿದ್ದರು. ನಾಲ್ಕು ತಾಸು ನಾನು ಅಲ್ಲಿಂದ ಏಳಲಿಲ್ಲ.

ಐದೂವರೆಗೆ ಅವರು ಮಗಳ ಭುಜ ಹಿಡಿದು ಹೊರಗೆ ಬಂದರು. ಮುಖ ಬಾಡಿತ್ತು, ಆದರೆ ಉಸಿರು ಸಲೀಸಾಗಿತ್ತು. ಒಂದು ರಾತ್ರಿ ಇಲ್ಲೇ ಇರಿ ಎಂದರೂ ಕೇಳಲಿಲ್ಲವಂತೆ. ಜೀಪಿನ ಹತ್ತಿರ ಬಂದವರೇ ನನ್ನನ್ನು ನೋಡಿ, "ಕೆಳಗ ನೋಡಿದೇನು?" ಎಂದರು.

"ನೋಡಿದೆನ್ರಿ. ಒಣಗ್ಯದ."

"ಆ ತೂತು ಎಂದೂ ಮುಚ್ಚಬ್ಯಾಡ."

"ನೀವೂ ಮುಚ್ಚಬ್ಯಾಡ್ರಿ," ಎಂದೆ. ಅಷ್ಟು ದೊಡ್ಡವರಿಗೆ ಅಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿರಲಿಲ್ಲ. ಅವರು ನನ್ನ ಭುಜ ಹಿಡಿದು ಸೀಟಿಗೆ ಹತ್ತಿದರು.

ಮುಂದಿನ ಮಂಗಳವಾರ ಬೆಳಿಗ್ಗೆ ನಾನು ಎಂದಿನಂತೆ ಅಂಗಳಕ್ಕೆ ಹೋಗಿ, ಜೀಪಿನ ಕೆಳಗೆ ತೂರಲು ಗೋಣಿಚೀಲ ಹಾಸುತ್ತಿದ್ದೆ. ಮಂಚದ ಮೇಲೆ ಕೂತಿದ್ದ ಉಸ್ತಾದರು ಪೈಜಾಮವನ್ನು ಮೊಣಕಾಲಿಗೆ ಏರಿಸಿದರು. ಕಾಲಿಗೆ ಮೋಜಾ ಇರಲಿಲ್ಲ. ಕಾಲನ್ನು ನನ್ನತ್ತ ಚಾಚಿದರು.

"ಮೊದಲ ಇದನ್ನ ನೋಡು," ಎಂದರು.

ಕೈ ಒರೆಸಿಕೊಂಡು ಹೋಗಿ, ಹೆಬ್ಬೆರಳು ಒತ್ತಿ, ಕುಳಿ ತುಂಬುವವರೆಗೆ ಎಣಿಸಿದೆ.